ಬಸ್ ಸ್ಟಾಪಿನ ತನಕ

ಹನ್ನೊಂದು ಗಂಟೆಗೆ ಖಾಲಿಯಾಗಬೇಕಿದ್ದ ಕಾಟೇಜಿನ ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅಜ್ಜಿ ಕೂತುಬಿಟ್ಟಿದ್ದರು. ಮಗ ಸೂಟ್‌ಕೇಸುಗಳನ್ನೆಲ್ಲ ಕಾರಿಗೆ ತುಂಬಿ, ಮೂರನೇ ಸಲ ಬಂದು ಕರೆದ.

"ಏಳಮ್ಮ, ಹೊರಡೋಣ."

"ಎಲ್ಲಿಗೆ? ಇದು ನನ್ನ ಮನೆ. ನನ್ನ ಮನೆ ಬಿಟ್ಟು ನಾನ್ಯಾಕೆ ಹೋಗ್ಲಿ?"

ಒಗೆದ ಬೆಡ್‌ಶೀಟುಗಳ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಂದ ಅಕ್ಕ ಮೆಟ್ಟಿಲ ಕೆಳಗೇ ನಿಂತಳು. ಹಣ್ಣಿನ ಮರಗಳ ಆ ಎಸ್ಟೇಟು ಅವಳದೂ ಅವಳ ತಮ್ಮನದೂ. ಮರಗಳ ಉಸಾಬರಿ ತಮ್ಮನದಾದರೆ, ರಜೆ ಕಳೆಯಲು ಬರುವವರ ನಾಲ್ಕು ಕಾಟೇಜುಗಳು ಇಪ್ಪತ್ತು ವರ್ಷದಿಂದ ಅವಳ ಪಾಲಿಗೆ ಬಿದ್ದಿದ್ದವು. ತಮ್ಮ ಕರೆಯುವುದನ್ನು ಕೇಳಿ ಬಂದವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ರಾತ್ರಿಯಿಡೀ ಗಲಾಟೆ ಮಾಡಿದವರನ್ನು ಕಂಡಿದ್ದಳು. ನಲ್ಲಿ ಮುರಿದು ಏನೂ ಗೊತ್ತಿಲ್ಲದವರ ಹಾಗೆ ಹೊರಟವರನ್ನೂ ಕಂಡಿದ್ದಳು. ಹೋಗುವುದೇ ಇಲ್ಲ ಎಂದವರನ್ನು ಕಂಡದ್ದು ಇದೇ ಮೊದಲು.

ಮಗ ಅವಳನ್ನು ಪಕ್ಕಕ್ಕೆ ಕರೆದ. ಐವತ್ತು ದಾಟಿದ ಗಂಡಸು, ದನಿ ತಗ್ಗಿಸಿ ಹೇಳಿದ. "ಅಮ್ಮನ ಮರೆವು ನಿಮಗೆ ಗೊತ್ತೇ ಇದೆ ಅಕ್ಕಾ. ನಮ್ಮನೇಲಿ ದಿನಾ ಸಂಜೆ ಆದ್ರೆ ಸಾಕು, ‘ನನ್ನ ಮನೆಗೆ ಬಿಟ್ಬಿಡು’ ಅಂತ ಅಳು. ಮೂವತ್ತು ವರ್ಷದಿಂದ ಇರೋ ಮನೆ ಅದು. ಇಲ್ಲಿಗೆ ಬಂದ ಮೂರು ದಿನದಲ್ಲಿ ಒಂದು ಹನಿ ಕಣ್ಣೀರಿಲ್ಲ. ಇನ್ನೊಂದೆರಡು ದಿನ ಇರೋಕೆ ಆಗುತ್ತಾ?"

ಅಕ್ಕನಿಗೂ ಇರಲಿ ಬಿಡಿ ಎನ್ನುವ ಮನಸ್ಸಿತ್ತು. ಆದರೆ ನಾಲ್ಕೂ ಕಾಟೇಜುಗಳು ತಿಂಗಳ ಕೊನೆಯವರೆಗೆ ಭರ್ತಿ. ಇದೇ ಕಾಟೇಜಿಗೆ ಐದು ಜನರ ಸಂಸಾರವೊಂದು ಆಗಲೇ ದಾರಿಯಲ್ಲಿತ್ತು. ಹಾಗೆಂದೇ ಹೇಳಿದಳು.

"ಹಾಗಾದ್ರೆ ಎತ್ಕೊಂಡೇ ಹೋಗ್ಬೇಕು," ಎಂದು ಮಗ ಅಂಗಿಯ ತೋಳು ಮಡಚಿದ. ಹೆಜ್ಜೆ ಮಾತ್ರ ಮುಂದೆ ಹೋಗಲಿಲ್ಲ.

"ಸ್ವಲ್ಪ ತಾಳಿ," ಎಂದಳು ಅಕ್ಕ.

ಬಂದ ಮಾರನೇ ದಿನದಿಂದಲೇ ಅಜ್ಜಿಯ ಪಾಲಿಗೆ ಅಕ್ಕ ಯಾರೋ ದೂರದ ಸಂಬಂಧಿ, ನಾಲ್ಕು ದಿನ ಇದ್ದು ಹೋಗಲು ಬಂದವಳು. ತಿಂಡಿಯ ಬುಟ್ಟಿ ತಂದರೆ, "ನೆಂಟರ ಮನೆಗೆ ಬಂದು ನೀನೇ ಒಲೆ ಮುಂದೆ ನಿಂತ್ಕೋತೀಯಲ್ಲ, ನೋಡಿದೋರು ನನ್ನ ಏನಂದ್ಕೋಬೇಕು?" ಎಂದು ಗದರುತ್ತಿದ್ದರು. ಅಕ್ಕ ನಕ್ಕು ತಟ್ಟೆ ಹಾಕುತ್ತಿದ್ದಳು. ಈಗ ಎಸ್ಟೇಟಿನಲ್ಲೇ ಇದ್ದ ತನ್ನ ಮನೆಗೆ ಹೋಗಿ ತಲೆ ಬಾಚಿಕೊಂಡು, ಹಳೆಯ ಬ್ಯಾಗಿಗೆ ಎರಡು ದಿಂಬು ತುರುಕಿಕೊಂಡು ಬಂದು ಮೆಟ್ಟಿಲು ಹತ್ತಿದಳು.

"ಅಮ್ಮ, ನಾನಿನ್ನು ಬರ್ತೀನಿ. ಬಂದು ತುಂಬಾ ದಿನ ಆಯ್ತು."

ಅಜ್ಜಿ ಥಟ್ಟನೆ ಎದ್ದು ನಿಂತರು. "ಇದೇನೇ, ಹೇಳದೆ ಕೇಳದೆ? ಊಟ ಮಾಡ್ಕೊಂಡು ಹೋಗು."

"ಬಸ್ ತಪ್ಪುತ್ತೆ. ಸ್ಟಾಪು ಮೂರು ಕಿಲೋಮೀಟರ್ ದೂರ, ಬಿಸಿಲು ಬೇರೆ..." ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಕ್ಕ ನೆಲ ನೋಡಿದಳು.

"ನಡ್ಕೊಂಡು ಹೋಗ್ತೀಯಾ? ನಾವೇನು ಸತ್ತು ಹೋಗಿದೀವಾ?" ಅಜ್ಜಿ ಮಗನ ಕಡೆ ತಿರುಗಿದರು. "ಲೋ, ಕಂಬದ ಹಾಗೆ ನಿಂತಿದೀಯಲ್ಲ, ಕಾರು ತೆಗಿ. ಮನೆಗೆ ಬಂದೋರನ್ನ ಬಸ್ ತನಕ ಬಿಟ್ಟು ಬರೋದು ಬೇಡ್ವಾ? ನಡಿ, ನಾನೂ ಬರ್ತೀನಿ."

ಕಾರಿನಲ್ಲಿ ಅಜ್ಜಿ ಅಕ್ಕನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಗೇಟು ದಾಟುವಾಗ ಮಗನನ್ನು ಕೇಳಿದರು, "ಬಾಗಿಲು ಹಾಕ್ಕೊಂಡು ಬಂದ್ಯೇನೋ?"

"ಹೂಂ ಅಮ್ಮ," ಎಂದ ಮಗ. ಅಕ್ಕ ಕಿಟಕಿಯಾಚೆ ಮುಖ ತಿರುಗಿಸಿದಳು. ಕೊನೆಗೂ ಮನೆ ಸಿಕ್ಕಿದವರನ್ನು ಅಲ್ಲಿಂದ ಎಬ್ಬಿಸಿಬಿಟ್ಟೆನಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಸ್ಟಾಪಿನಲ್ಲಿ ಇಳಿದಳು. ಅಜ್ಜಿ ಕಿಟಕಿಯಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು.

"ಮುಂದಿನ ಸಲ ಬಂದಾಗ ಕೆಲಸ ಗಿಲಸ ಅಂತ ಶುರು ಮಾಡಬೇಡ. ಬಂದಾಗಿಂದ ನೋಡ್ತಿದೀನಿ, ಒಂದು ನಿಮಿಷ ನೀನು ಕೂತಿದ್ದು ಕಾಣಲಿಲ್ಲ. ನಿಂಗೆ ಕಾಲು ನೋಯಲ್ವೇನೇ?"

ಇಪ್ಪತ್ತು ವರ್ಷದಲ್ಲಿ ಬಂದು ಹೋದವರು ಹಾಸಿಗೆ ಮೆತ್ತಗಿತ್ತು, ಊಟ ಬಿಸಿಯಾಗಿತ್ತು ಎಂದು ಅನಿಸಿಕೆಯ ಪುಸ್ತಕದ ತುಂಬ ಬರೆದಿಟ್ಟು ಹೋಗಿದ್ದರು. ಅವಳ ಕಾಲಿನ ಸುದ್ದಿ ಯಾರೂ ಎತ್ತಿರಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಜ್ಜಿಯ ಕೈ ಹೊರಗೆ ಬೀಸುತ್ತಲೇ ಇತ್ತು.

ಮೂರು ಕಿಲೋಮೀಟರ್ ವಾಪಸು ನಡೆಯಬೇಕಿತ್ತು. ಅಕ್ಕ ಸಿಮೆಂಟು ಬೆಂಚಿನ ಮೇಲೆ ದಿಂಬಿನ ಬ್ಯಾಗಿಗೆ ಒರಗಿಕೊಂಡು ಚಪ್ಪಲಿ ಕಳಚಿದಳು. ಬಸ್ಸೊಂದು ಬಂದು ನಿಂತು, ಅವಳು ಹತ್ತಬಹುದೆಂದು ಕಾದು, ಹೋಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಮ್ಮ.

"ಅಕ್ಕಾ, ಐದು ಜನ ಬಂದು ನಿಂತಿದಾರೆ. ಎಲ್ಲಿದೀಯಾ? ಏನ್ ಮಾಡ್ತಿದೀಯಾ?"

"ಕೂತಿದೀನಿ."

ತಮ್ಮ ಗಾಬರಿಯಿಂದ ಕೇಳಿದ, "ಯಾಕೆ, ಮೈಗೆ ಹುಷಾರಿಲ್ವಾ?"