ಮೆಲ್ಲಕ ಗುದ್ದು

ಗದಗಿನ ಭೀಷ್ಮ ಕೆರೆ ಹೆಪ್ಪುಗಟ್ಟಿದ ಮೇಲೆ ಬೆಟಗೇರಿಯ ಗಂಡಸರೆಲ್ಲ ಐಸ್ ಹಾಕಿ ಆಟಕ್ಕೆ ಇಳಿದಿದ್ದರು. ಮೊದಮೊದಲು ತಲೆ ಒಡೆಯುತ್ತಿತ್ತು, ಬೆನ್ನೆಲುಬು ಮುರಿಯುತ್ತಿತ್ತು. ಆಮೇಲೆ ಹೊಸ ಅಂಗಿ ಬಂತು: ಗುದ್ದಿಸಿಕೊಂಡವನ ನೋವೆಲ್ಲ ಗುದ್ದಿದವನ ಮೈಗೇ ಇಳಿಸುವ ಅಂಗಿ. ಅಂದಿನಿಂದ ಆಟಗಾರರು ಮಡಿಯಲ್ಲಿದ್ದವರ ಹಾಗೆ ಒಬ್ಬರಿಗೊಬ್ಬರು ತಾಗದಂತೆ ಸರಿದು ಹೋಗತೊಡಗಿದರು. ಎಲುಬು ಕೂಡಿಸುವ ನಾಟಿ ವೈದ್ಯ ಅಂಗಡಿ ಮುಚ್ಚಿದ.

ಗೋಲಿನ ಮುಂದೆ ಕಾವಲಿರುವ ಫಕೀರಪ್ಪನಿಗೆ ಮಾತ್ರ ಇದು ಸಂಕಟ. ಹೆಂಡತಿ ತೀರಿಕೊಂಡ ಮೇಲೆ ಅವನ ಮೈಗೆ ಇನ್ನೊಂದು ಮೈ ತಾಗುತ್ತಿದ್ದದ್ದು ಆಟದಲ್ಲಷ್ಟೇ. ಈಗ ಅದೂ ಇಲ್ಲ.

"ಸ್ಯಾಮ್ಯಾ, ನನಗೊಂದ್ ಸಲ ಗುದ್ದೋ," ಎಂದು ಅವನು ಎದುರು ತಂಡದ ಸ್ಯಾಮುವೆಲ್‌ನನ್ನು ಬೇಡಿಕೊಂಡ.

"ತಲಿ ಕೆಟ್ಟೈತೇನ್ ನಿನಗ? ನೋಯೂದು ನನಗ."

"ಮೆಲ್ಲಕ ಗುದ್ದು. ನೋಯಂಗಿಲ್ಲ."

ಹಳೆಯ ಗೆಳೆಯನಲ್ಲವೇ! ಸ್ಯಾಮುವೆಲ್ ಜಾರುತ್ತ ಬಂದು ಭುಜಕ್ಕೆ ಭುಜ ತಾಗಿಸಿದ. ತಾಗಿಸಿದವನೇ ಎದೆ ಹಿಡಿದುಕೊಂಡು ಮಂಜುಗಡ್ಡೆಯ ಮೇಲೆ ಕುಸಿದು ಕೂತ. ಆಟ ನಿಂತಿತು.

"ಎಲ್ಲಿ ಪೆಟ್ಟಾತೋ?" ಫಕೀರಪ್ಪ ಗಾಬರಿಯಿಂದ ಬಗ್ಗಿದ.

ಸ್ಯಾಮುವೆಲ್‌ನ ಕಣ್ಣಲ್ಲಿ ನೀರಾಡುತ್ತಿತ್ತು.

"ಇದು ಪೆಟ್ಟಿನ ನೋವಲ್ಲಲೇ," ಎಂದ. "ಇಷ್ಟು ದಿನ ಇದನ್ನ ಒಬ್ಬಾವನ ಹ್ಯಾಂಗ ತಡ್ಕೊಂಡಿ?"