ಕಾಣದ ತಂತಿ

ಶಾಂಭವಿಯ ತರಬೇತಿ ವಿಮಾನ ವಿದ್ಯುತ್ ತಂತಿಗೆ ತಗುಲಿ ಬಿದ್ದು, ಅವಳು ತೀರಿಕೊಂಡಿದ್ದಳು. ತಂತಿ ಎದ್ದು ಕಾಣುತ್ತಿತ್ತು, ಹುಡುಗಿಯೇ ಗಮನಿಸಲಿಲ್ಲ ಎಂದರು ತನಿಖೆಯವರು. ತಾಯಿ ನಂಬಲಿಲ್ಲ. ಹೆಂಡತಿಗೆ ತೋರಿಸಲೆಂದು ತಂದೆ ರುದ್ರಯ್ಯ, ಮಗಳು ಹಾರಾಟ ಅಭ್ಯಾಸ ಮಾಡುತ್ತಿದ್ದ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ವಿಮಾನ ಬಿದ್ದ ಹಳ್ಳಿಯ ರನ್‌ವೇಯನ್ನು ಇದ್ದ ಹಾಗೇ ಕಟ್ಟಿದ.

“ನಾವು ಹೋದಾಗ ಅಂಚಲ್ಲಿ ಮೆಕ್ಕೆಜೋಳ ಒಣಹಾಕಿದ್ರು ಕಣ್ರೀ,” ಎಂದಳು ತಾಯಿ.

“ಹಾಕಿದೀನಿ ಕಣೇ. ಕುರಿನೂ ಬಿಟ್ಟಿದೀನಿ.”

“ತಂತಿ?”

“ಅದನ್ನೂ ಎಳೆದಿದೀನಿ. ಬಾ, ಅವಳ ಸೀಟಿಂದ ನೋಡು.”

ತಾಯಿ ಪರದೆಗೆ ಮುಖವಿಟ್ಟು ಬಹಳ ಹೊತ್ತು ಹುಡುಕಿದಳು.

“ಎಲ್ರೀ, ಕಾಣ್ತಾನೇ ಇಲ್ವಲ್ಲ.”

“ನಂಗೂ ಕಾಣಲ್ಲ. ಪಾಪ, ಅವಳಿಗೆ ಹೇಗೆ ಕಂಡೀತು?”

“ನಾ ಹೇಳ್ಲಿಲ್ವಾ, ಮಗೂದು ತಪ್ಪಿಲ್ಲ ಅಂತ.” ಕಣ್ಣೊರೆಸಿಕೊಂಡು, ಎಷ್ಟೋ ದಿನಗಳ ಮೇಲೆ ಅವಳು ಅನ್ನಕ್ಕಿಡಲು ಎದ್ದಳು.

ಎದ್ದು ಕಾಣುತ್ತಿದ್ದ ತಂತಿಯನ್ನು ರುದ್ರಯ್ಯ ಬೆಳಿಗ್ಗೆಯೇ ಅಳಿಸಿಹಾಕಿದ್ದ.