ಮೊದಲ ಪದ್ಯದ ಹೆಸರು

“ಗುರುಗಳು ಹುಟ್ಟಿದಾಗ ಏನಾದರೂ ಬೆಳಕು ಕಂಡಿತ್ತೇ ತಾಯಿ?”

ಕೇಳಿದವನು ಚನ್ನಪಟ್ಟಣದ ಗವಿಸಿದ್ದಯ್ಯ, ಗುರುಗಳ ಚರಿತ್ರೆಯನ್ನು ಷಟ್ಪದಿಯಲ್ಲಿ ಕಟ್ಟುತ್ತಿದ್ದ ಶಿಷ್ಯ. ಅವರನ್ನು ಹೆತ್ತವಳನ್ನು ಹುಡುಕಿಕೊಂಡು ಕೋಡಿಹಳ್ಳಿಗೆ ನಡೆದು ಬಂದಿದ್ದ. ಊರವರು ‘ರುದ್ರನ ಅವ್ವ ಅಲ್ಲವ್ಳೆ’ ಎಂದು ಮನೆ ತೋರಿಸಿದ್ದರು. ಬಸವಲಿಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

“ಬೆಳಕೆಲ್ಲಿ ಬಂತು ಅಯ್ನೋರೆ. ದೀಪಕ್ಕೆ ಎಣ್ಣೆನೇ ಇರ್ಲಿಲ್ಲ.”

ದೀಪವಿಲ್ಲದ ಮನೆಗೆ ತಾನೇ ದೀಪವಾಗಿ ಬಂದ ಎಂದು ಗವಿಸಿದ್ದಯ್ಯ ಬರೆದುಕೊಂಡ. ಗುರುಗಳು ಅಲೆದ ಕಾಶಿ, ಶ್ರೀಶೈಲಗಳ ದಾರಿಯೆಲ್ಲ ಅವನಿಗೆ ಬಾಯಿಪಾಠ. ಮಾಗಡಿಯಿಂದ ಕಾನಕಾನಹಳ್ಳಿಯವರೆಗೆ ಅವರ ನಾಲ್ಕು ಮಠಗಳಲ್ಲಿ ಇನ್ನು ಮೇಲೆ ಪ್ರತಿ ಶ್ರಾವಣವೂ ಈ ಪುರಾಣ ಓದಿಸುತ್ತಾರಂತೆ. ಅದರಲ್ಲಿ ಬರುವ ಹೆಸರುಗಳಿಗೆಲ್ಲ ಜನ ಕೈಮುಗಿಯುತ್ತಾರಂತೆ. ಬಾಕಿ ಉಳಿದದ್ದು ಮನೆ ಬಿಟ್ಟ ದಿನದ ಸಂಗತಿ.

ಬಸವಲಿಂಗಮ್ಮನ ಕೈ ನಿಂತಿತು. ಅದು ಪ್ಲೇಗಿನ ವರ್ಷ. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಒಂಬತ್ತು ವರ್ಷದ ಮಗಳು ಚೆನ್ನಾಜಿಯ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ತಂಗಿಯ ಹತ್ತಿರ ಕೂತಿರು ಎಂದು ಹದಿನಾರರ ರುದ್ರನಿಗೆ ಹೇಳಿ, ಇವಳು ಪಂಡಿತರ ಲೇಪ ತರಲು ಕಾನಕಾನಹಳ್ಳಿಗೆ ಓಡಿದ್ದಳು. ಮರುದಿನ ಬಂದಾಗ ರುದ್ರ ಇರಲಿಲ್ಲ. ಅಣ್ಣ ಎಲ್ಲಿ ಎಂದು ಕೇಳುತ್ತಲೇ ಮಗು ಸಂಜೆಗೆ ಹೋಯಿತು. ಮಣ್ಣಿಗೆ ಯಾರೂ ಬರಲಿಲ್ಲ. ಗುಂಡಿ ತೋಡಿ, ಮಗಳನ್ನು ಕುಳ್ಳಿರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣೆಳೆದವಳು ಇವಳೇ. ಮಾರಿ ಒಯ್ದವರ ಹೆಸರು ಕರೆದರೆ ಮಾರಿ ತಿರುಗಿ ಬರುತ್ತಾಳೆಂದು ಆಮೇಲೆ ಊರಲ್ಲಿ ಒಬ್ಬರೂ ಆ ಹೆಸರು ಎತ್ತಲಿಲ್ಲ.

“ತಂಗಿ ಸಾಯ್ತಾ ಇದ್ಲು ಅಯ್ನೋರೆ. ಒಬ್ಳನ್ನೇ ಬುಟ್ಬುಟ್ಟು ಒಂಟೋದ. ತಪ್ಪು ಅನ್ನಾಕಿಲ್ಲ, ಎದರ್ಕಂಡಿದ್ದ. ಅವಳ್ದೂ ಒಸಿ ಬರ್ಕಳಿ.”

ಗವಿಸಿದ್ದಯ್ಯ ಲೇಖನಿ ಕೆಳಗಿಟ್ಟ. “ತಂಗಿಯೇ? ತಾನು ಒಬ್ಬನೇ ಮಗ ಎಂದು ಗುರುಗಳೇ ಅಪ್ಪಣೆ ಕೊಡಿಸಿದ್ದಾರಲ್ಲ ತಾಯಿ. ಆ ಪದ್ಯ ಮುಗಿದೇ ಹೋಗಿದೆ.”

ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಹೊರಡುವ ಮುನ್ನ ಅವನು ಇನ್ನೊಂದನ್ನು ಕೇಳಿದ. ಸನ್ಯಾಸಿಗಳು ಹೆತ್ತವಳ ಹೆಸರು ಹೇಳುವಂತಿಲ್ಲವಾದ್ದರಿಂದ ಮೊದಲ ಪದ್ಯದಲ್ಲಿ ಅದಕ್ಕೆಂದೇ ಜಾಗ ಬಿಟ್ಟಿದ್ದ. ತಾಯಿಯ ಹೆಸರೇನು?

“ಚೆನ್ನಾಜಿ” ಎಂದಳು ಬಸವಲಿಂಗಮ್ಮ.

ಮಾತ್ರೆ ಎಣಿಸಿದ ಗವಿಸಿದ್ದಯ್ಯನ ಮುಖ ಅರಳಿತು. ಬರೆದ. ‘ಧರಣಿಯೊಳು ಚೆನ್ನಾಜಿಯುದರದಿ’ ಎಂದು ರಾಗವೆತ್ತಿ ಓದಿ, ಕಣ್ಣು ಮುಚ್ಚಿ ಕೈಮುಗಿದ.

“ಇನ್ನೊಂದ್ಸಲ ಓದಿ ಅಯ್ನೋರೆ” ಎಂದಳು ಅವಳು. “ಆಚೆ ಬೀದಿಗೂ ಕೇಳ್ಲಿ.”